ಎರಡು ಸೈಕಲ್ಲು, ಒಂದು ಫಾಟಕ

ಕೆಲವು ವರ್ಷಗಳ ಹಿಂದೆ ಅಣ್ಣನ ಮೊಮ್ಮಗನ ಉಪನಯನಕ್ಕೆಂದು ವಡೋದರಾಕ್ಕೆ ಹೋಗಿದ್ದೆ. ಅಣ್ಣ ಈಗಿಲ್ಲ. ಅವನ ಮಗ ಸುರೇಶ ಮಂಜಲ್‌ಪುರದಲ್ಲಿ ಮನೆ ಕಟ್ಟಿಸಿಕೊಂಡಿದ್ದಾನೆ. ಊರು ಎಷ್ಟು ಬದಲಾಗಿದೆ ನೋಡಿ ಎಂದು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟವನು ರೈಲುಹಳಿಯ ಮೇಲಿನ ದೊಡ್ಡ ಸೇತುವೆಯನ್ನು ಹತ್ತಿದ. ಸೇತುವೆಯ ನಡುಮಧ್ಯಕ್ಕೆ ಬಂದಾಗ ಕೆಳಗಿನಿಂದ ಒಂದು ರೈಲು ಉದ್ದಕ್ಕೆ ಕೂಗಿತು. ನಾನು ಸೆರಗನ್ನು ಮೈತುಂಬ ಬಿಗಿಯಾಗಿ ಎಳೆದುಕೊಂಡೆ.

"ಏನಾಯ್ತು ಅತ್ತೆ? ಎಸಿ ಬಂದ್ ಮಾಡ್ಲಾ?" ಎಂದ ಸುರೇಶ. ಅವನ ಕನ್ನಡ ಅಷ್ಟಕ್ಕಷ್ಟೆ, ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ.

"ಇಲ್ಲಿ ಕೆಳಗೆ ಒಂದು ರೈಲ್ವೆ ಗೇಟು, ಫಾಟಕ ಇತ್ತಲ್ಲ?"

"ಹಾಂ, ಮೊದ್ಲು ಇತ್ತಂತೆ. ಈಗ ಗೋಡೆ ಕಟ್ಟಿದ್ದಾರೆ. ಯಾಕೆ?"

ಏನಿಲ್ಲ ಎಂದೆ. ಅವನಿಗೆ ಹೇಳುವಂಥ ಕತೆ ಅದಲ್ಲ. ಯಾರಿಗೂ ಪೂರ್ತಿ ಹೇಳಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗುಡುಗಿಗೆ ಹೆದರುತ್ತಿದ್ದೆ, ಜಿರಳೆಗೆ ಹೆದರುತ್ತಿದ್ದೆ, ಪೋಸ್ಟ್‌ಮ್ಯಾನ್ ಜೋರಾಗಿ ಹೆಸರು ಕೂಗಿದರೂ ಬೆಚ್ಚಿಬೀಳುತ್ತಿದ್ದೆ. ಇಂಥವಳು ಉಡುಪಿಯಲ್ಲಿ ಕೆಮಿಸ್ಟ್ರಿ ಓದಿ ಬಿಎಸ್ಸಿ ಮುಗಿಸಿದ್ದೇ ನಮ್ಮ ಮನೆಯವರಿಗೆ ಆಶ್ಚರ್ಯ. ಅರವತ್ತಾರನೇ ಇಸವಿಯಲ್ಲಿ ಬರೋಡಾದ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತು. ಆಗ ಎಲ್ಲರೂ ಬರೋಡಾ ಎಂದೇ ಹೇಳುತ್ತಿದ್ದದ್ದು. ಅಣ್ಣ ರಾಘವೇಂದ್ರ ಫತೇಗಂಜ್‌ನಲ್ಲಿ ಯೂನಿವರ್ಸಿಟಿ ಹುಡುಗರಿಗಾಗಿ ಒಂದು ಸಣ್ಣ ಇಡ್ಲಿ-ದೋಸೆ ಹೋಟೆಲು ಇಟ್ಟಿದ್ದ, ಅದರ ಮಹಡಿಯಲ್ಲೇ ಅವನ ಸಂಸಾರ. ಅಪ್ಪ ರೈಲು ಹತ್ತಿಸುವಾಗ ಒಂದೇ ಮಾತು ಹೇಳಿದ್ದರು: ಆರು ತಿಂಗಳ ಪ್ರೊಬೇಷನ್ ಮುಗಿದು ಕೆಲಸ ಖಾಯಂ ಆದರೆ ಅಲ್ಲಿರು, ಇಲ್ಲದಿದ್ದರೆ ಸುಮ್ಮನೆ ವಾಪಸ್ ಬಾ. ನನಗೆ ವಾಪಸ್ ಹೋಗಲು ಮನಸ್ಸಿರಲಿಲ್ಲ. ಅಷ್ಟೊಂದು ಹೆದರುವವಳಿಗೂ ಆ ಲ್ಯಾಬಿನ ಗಾಜಿನ ಸಾಮಾನುಗಳ ನಡುವೆ ನಿಂತಾಗ ಏನೋ ಒಂದು ನೆಮ್ಮದಿ ಸಿಗುತ್ತಿತ್ತು. ಮುಲಾಮಿಗೆ ಬಳಸುವ ಮೇಣ, ಕೊಬ್ಬುಗಳನ್ನು ಕೂದಲೆಳೆಯಂಥ ಗಾಜಿನ ಕೊಳವೆಯಲ್ಲಿ ತುಂಬಿ, ಎಷ್ಟು ಡಿಗ್ರಿಗೆ ಕರಗುತ್ತದೆಂದು ನೋಡಿ ಬರೆದಿಡುವುದು ನನ್ನ ಕೆಲಸ. ದಿನವಿಡೀ ಅದನ್ನೇ ಮಾಡುತ್ತಿದ್ದೆ.

ಕಾರ್ಖಾನೆ ಇದ್ದದ್ದು ರೈಲುಹಳಿಯ ಆಚೆ, ಅಣ್ಣನ ಮನೆಯಿಂದ ನಾಲ್ಕು ಮೈಲಿ. ಎಂಟಕ್ಕೆ ಗೇಟು ಮುಚ್ಚುತ್ತಿತ್ತು. ಆ ಕಡೆಗೆ ಬಸ್ಸು ಇದ್ದದ್ದು ಒಂದು ಆರು ಗಂಟೆಗೆ, ಇನ್ನೊಂದು ಒಂಬತ್ತಕ್ಕೆ. ಮೊದಲ ವಾರ ಅಣ್ಣ ತನ್ನ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಿಟ್ಟುಬಂದ. ಬೆಳಗ್ಗೆ ದೋಸೆ ಕಾವಲಿ ಬಿಟ್ಟು ಬರುವುದು ಹೋಟೆಲಿನವನಿಗೆ ಎಷ್ಟು ದಿನ ಆದೀತು? ಎಂಟನೆಯ ದಿನ ಹೇಳಿದ:

"ನೀನೇ ಸೈಕಲ್ ಕಲಿಬೇಕು ರತ್ನ. ಇಲ್ಲಿ ಅಜ್ಜಿಯಂದಿರೂ ಸೈಕಲ್ ಬಿಡ್ತಾರೆ ಮಾರಾಯ್ತಿ. ನಿನಗೆಂತ ಆಗುದು?"

ನಾನು ಅತ್ತೇಬಿಟ್ಟೆ. ಅತ್ತಿಗೆ ಸುಮತಿ ಒಲೆಯ ಮುಂದಿನಿಂದಲೇ, "ಅವಳಿಗೆ ಹೆದರಿಕೆ ಅಂದ್ರೆ ಹೆದರಿಕೆ. ಹಿಂದಿನ ಚಾಳಿನ ಕೋಕಿಲಾಬೆನ್ ಹತ್ರ ಹೇಳಿ ನೋಡಿ. ಅವ್ರೂ ಅದೇ ಕಾರ್ಖಾನೆಗೆ ಹೋಗುದು ಅಲ್ವಾ?" ಎಂದರು.

ಹೀಗೆ ಹಿಂದಿನ ಸಾಲುಮನೆಗಳ ಚಾಳಿನಲ್ಲಿದ್ದ ಕೋಕಿಲಾಬೆನ್ ನನಗೆ ಗುರುವಾದರು; ಬೆನ್ ಎಂದರೆ ಅಲ್ಲಿ ಅಕ್ಕ, ತಂಗಿ. ಮೂವತ್ತೈದರ ಆಸುಪಾಸು, ಸಣಕಲು ಮೈ, ಎತ್ತರದ ದನಿ. ಗಂಡನಿಗೆ ಎದೆಯ ಕಾಯಿಲೆ, ಮನೆಯಲ್ಲೇ ಇರುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರು. ಕಾರ್ಖಾನೆಯ ಪ್ಯಾಕಿಂಗ್ ಹಾಲ್‌ನಲ್ಲಿ ಮಾತ್ರೆಯ ಡಬ್ಬಿಗೆ ಹತ್ತಿ ತುಂಬಿ ಮುಚ್ಚಳ ಹಾಕುವ ಕೆಲಸ ಅವರದು. ಎಂಟು ವರ್ಷದಿಂದ ಮಾಡುತ್ತಿದ್ದರೂ ಇನ್ನೂ ಖಾಯಂ ಆಗಿರಲಿಲ್ಲ. ಬರುವ ಜನವರಿ ಕೊನೆಗೆ ಹೊರಡುವ, ಖಾಯಂ ಆಗುವವರ ಪಟ್ಟಿಯಲ್ಲಿ ಅವರ ಹೆಸರು ಇದೆಯೆಂದು ಹಾಲ್‌ನಲ್ಲೆಲ್ಲ ಸುದ್ದಿಯಿತ್ತು. ಅವರ ಗುಜರಾತಿ-ಹಿಂದಿ ಬೆರಕೆ ಮಾತನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಇಲ್ಲವಾದರೆ ತಪ್ಪುಗಳೆಲ್ಲ ನನ್ನವಾಗುತ್ತವೆ.

ಸೈಕಲ್ಲು ಹೊಂದಿಸಿಕೊಟ್ಟವರು ಯೂನಿವರ್ಸಿಟಿ ಗೇಟಿನ ಎದುರು ಬೇವಿನ ಮರದಡಿ ಅಂಗಡಿ ಇಟ್ಟಿದ್ದ ಮನುಕಾಕಾ. ಯಾರೋ ಪ್ರೊಫೆಸರರ ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಲೇಡೀಸ್ ಸೈಕಲ್ಲು ಅದು, ನಡುವಿನ ಕಂಬಿ ತಗ್ಗಿ ಬಾಗಿದ್ದು. ಮನುಕಾಕಾ ಅದಕ್ಕೆ ಸೀರೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಎರಡೂ ಬದಿಗೆ ದಾರದ ಬಲೆ ಹೆಣೆದರು. ಚೈನಿಗೆ ಪೂರ್ತಿ ಮುಚ್ಚುವ ತಗಡಿನ ಕವರ್ ಹಾಕಿದರು, ಹಿಂದೆ ಕ್ಯಾರಿಯರ್, ಮುಂದೆ ಲ್ಯಾಂಪು, ದೊಡ್ಡ ಸದ್ದಿನ ಬೆಲ್ಲು. ಸೀಟನ್ನು ಮಾತ್ರ ಎರಡು ಪಾದವೂ ಪೂರ್ತಿ ನೆಲಕ್ಕೆ ಊರುವಷ್ಟು ತಗ್ಗಿಸಬೇಕೆಂದು ನಾನು ಹಠ ಹಿಡಿದೆ. ಇಷ್ಟು ತಗ್ಗಿಸಿದರೆ ಮಂಡಿ ನೋಯುತ್ತದೆ, ಪೆಡಲಿಗೆ ಬಲ ಬರುವುದಿಲ್ಲ ಎಂದು ಅವರು ಎರಡು ಸಲ ಹೇಳಿದರು. ಕೋಕಿಲಾಬೆನ್ ನಕ್ಕು, "ಬಿಡಿ ಕಾಕಾ, ಇವಳಿಗೆ ಹೋಗುವುದಕ್ಕಿಂತ ನಿಲ್ಲುವುದೇ ಮುಖ್ಯ" ಎಂದರು.

ಯೂನಿವರ್ಸಿಟಿಯ ಮೈದಾನದಲ್ಲಿ ಹನ್ನೆರಡು ದಿನ ಕಲಿತೆ. ಬಿದ್ದದ್ದಕ್ಕೆ ಲೆಕ್ಕವಿಲ್ಲ. ನೆರಿಗೆಯನ್ನು ಪಿನ್ನಿನಿಂದ ಬಿಗಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಟಿಫಿನ್ ಚೀಲವನ್ನು ಹ್ಯಾಂಡಲ್‌ಗೆ ತೂಗುಹಾಕದೆ ಕ್ಯಾರಿಯರ್‌ಗೆ ಕಟ್ಟುವುದನ್ನೆಲ್ಲ ಕೋಕಿಲಾಬೆನ್ನೇ ಹೇಳಿಕೊಟ್ಟರು. ಹದಿಮೂರನೆಯ ದಿನ ರಸ್ತೆಗೆ ಇಳಿಸಿದರು. ಅವರು ರಸ್ತೆಯ ಕಡೆಗೆ, ನಾನು ಅಂಚಿಗೆ. ಲಾರಿ ಬಂದರೆ ಅವರಿಗೇ ಮೊದಲು ತಾಕಬೇಕು, ಹಾಗೆ.

ಆ ದಾರಿಯಲ್ಲಿ ನನಗೆ ಹೆದರಿಕೆ ಹುಟ್ಟಿಸದ ಒಂದು ವಸ್ತುವೂ ಇರಲಿಲ್ಲ. ಒಂಟೆ ಗಾಡಿಗಳು ಎದುರಾದರೆ ಆ ಒಂಟೆ ಬಾಗಿ ನನ್ನ ತಲೆಯನ್ನೇ ಕಚ್ಚೀತೆಂದು ಕಣ್ಣು ಮುಚ್ಚುತ್ತಿದ್ದೆ. ಸೈಕಲ್ ಬಿಡುವಾಗ ಕಣ್ಣು ಮುಚ್ಚಿದರೆ ಏನಾಗುತ್ತದೆಂದು ಎರಡು ಸಲ ಗೊತ್ತಾಯಿತು. ಎಮ್ಮೆಗಳು, ಟಾಂಗಾಗಳು, ಸರ್ಕಾರದ ಎಸ್‌ಟಿ ಬಸ್ಸು, ಪಾಳಿ ಮುಗಿಸಿ ರಸ್ತೆ ತುಂಬಾ ಬರುವ ಗಿರಣಿಯವರ ನೂರಾರು ಸೈಕಲ್ಲು. ಇವೆಲ್ಲಕ್ಕಿಂತ ಹೆದರಿಕೆ ರೈಲ್ವೆ ಫಾಟಕದ್ದು. ಫಾಟಕಕ್ಕೆ ಮುಂಚೆ ರಸ್ತೆ ಸ್ವಲ್ಪ ಇಳಿಯುತ್ತದೆ. ಅಲ್ಲಿ ಎಲ್ಲರೂ ಪೆಡಲ್ ನಿಲ್ಲಿಸಿ ಸೈಕಲ್ಲನ್ನು ತಾನಾಗಿ ಹೋಗಲು ಬಿಟ್ಟು, ಕೊನೆಗೆ ನಾಲ್ಕು ಸಲ ತುಳಿದು ಹಳಿಯ ದಿಬ್ಬ ಹತ್ತುತ್ತಿದ್ದರು. ಗಂಟೆ ಬಾರಿಸಿ ಫಾಟಕದವನು ಚಕ್ರ ತಿರುಗಿಸತೊಡಗಿದರೆ ಉದ್ದನೆಯ ಕಂಬ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಇಳಿದ ಮೇಲೂ ಯಾರೂ ನಿಲ್ಲುತ್ತಿರಲಿಲ್ಲ. ಕಂಬ ಎದೆಯ ಮಟ್ಟಕ್ಕೆ ಬರುತ್ತಿತ್ತು, ಸೈಕಲ್ಲನ್ನು ಓರೆ ಮಾಡಿ, ತಲೆ ಬಗ್ಗಿಸಿ, ಅಡಿಯಿಂದ ನುಸುಳಿ ಎಲ್ಲರೂ ದಾಟುತ್ತಿದ್ದರು. ಮುದುಕರು, ಹಾಲಿನವರು, ಕಾಲೇಜು ಹುಡುಗಿಯರು, ಎಲ್ಲರೂ. ನಾನೊಬ್ಬಳು ದಾಟುತ್ತಿರಲಿಲ್ಲ. ಗಂಟೆ ಕೇಳಿದರೆ ಸಾಕು, ಎರಡೂ ಬ್ರೇಕು ಹಿಡಿದು ನಿಂತುಬಿಡುತ್ತಿದ್ದೆ. ನಾನು ನಿಂತರೆ ಕೋಕಿಲಾಬೆನ್ ಕೂಡ ನಿಲ್ಲುತ್ತಿದ್ದರು. ಗೂಡ್ಸು ಬಂದರೆ ಕಾಲುಗಂಟೆ.

ಅವರ ಋಣವನ್ನು ಹೇಗೆ ತೀರಿಸುವುದೆಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮಲ್ಲಿ ಅಂದು ಹಾರೆ, ಕತ್ತಿ, ಹೊಲಿಗೆ ಮಿಷನ್ನು, ಸೈಕಲ್ಲು ಎಲ್ಲವನ್ನೂ ತೊಳೆದು ಎಣ್ಣೆ ಬಿಟ್ಟು ಕುಂಕುಮ ಹಚ್ಚುತ್ತೇವಲ್ಲ, ನಾನು ನನ್ನ ಸೈಕಲ್ಲಿನ ಜೊತೆಗೆ ಅವರದನ್ನೂ ಅಣ್ಣನ ಹಿತ್ತಲಿಗೆ ತಂದು ತೊಳೆದೆ. ಮನುಕಾಕಾ ಕೊಟ್ಟಿದ್ದ ಎಣ್ಣೆಯ ಕುಪ್ಪಿ ಖಾಲಿಯಾಗಿತ್ತು. ಅಡುಗೆಮನೆಯಲ್ಲಿ ಊರಿನಿಂದ ರೈಲಿನಲ್ಲಿ ಬಂದ ತೆಂಗಿನೆಣ್ಣೆಯ ದೊಡ್ಡ ಡಬ್ಬವಿತ್ತು. ಊರಿನ ಮನೆಯಲ್ಲಿ ಬಾಗಿಲು ಕಿರುಗುಟ್ಟಿದರೂ ತೆಂಗಿನೆಣ್ಣೆ, ತೊಟ್ಟಿಲು ಕಿರುಗುಟ್ಟಿದರೂ ತೆಂಗಿನೆಣ್ಣೆ, ಬಾವಿಯ ರಾಟೆಗೂ ಅದೇ. ಎರಡನೇ ಯೋಚನೆ ಮಾಡದೆ ಚೈನಿಗೂ, ಹಿಂದಿನ ಚಕ್ರದಲ್ಲಿ ಚೈನು ಸುತ್ತುವ ಹಲ್ಲುಗಾಲಿಗೂ, ಅಂದರೆ ಫ್ರೀವೀಲಿಗೂ, ಧಾರಾಳವಾಗಿ ಬಿಟ್ಟೆ. ಸೈಕಲ್ಲು ರೇಷ್ಮೆಯ ಹಾಗೆ ಓಡಿತು. ಕೋಕಿಲಾಬೆನ್‌ಗೆ ಎಷ್ಟು ಸಂತೋಷವಾಯಿತೆಂದರೆ, ಗಂಡನನ್ನು ಹೊರಗೆ ಕರೆದು ಪೆಡಲ್ ತಿರುಗಿಸಿ ತೋರಿಸಿದರು. ಅಂದಿನಿಂದ ತಿಂಗಳಿಗೊಮ್ಮೆ ಎರಡೂ ಸೈಕಲ್ಲಿಗೆ ಎಣ್ಣೆ ಬಿಡುವುದು ನನ್ನ ಪಾಲಿನ ಕೆಲಸವಾಯಿತು.

ಡಿಸೆಂಬರಿನಲ್ಲಿ ಚಳಿ ಬಂತು. ಕರಾವಳಿಯವರಿಗೆ ಅದು ಚಳಿಯಲ್ಲ, ಶಿಕ್ಷೆ. ಬೆಳಗ್ಗೆ ಹ್ಯಾಂಡಲ್ ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಎಣ್ಣೆ ಡಬ್ಬದಲ್ಲಿ ಬಿಳಿಯ ಗಡ್ಡೆಯಾಗಿ, ಅತ್ತಿಗೆ ದಿನಾ ಬೆಳಗ್ಗೆ ಒಂದು ಬಾಟಲಿಯನ್ನು ಒಲೆಯ ಪಕ್ಕ ಇಟ್ಟು ಕರಗಿಸಿ ನನ್ನ ತಲೆಗೆ ಹಚ್ಚುತ್ತಿದ್ದರು. ನಾನು ಅದನ್ನು ದಿನಾ ನೋಡುತ್ತಿದ್ದೆ. ಆಮೇಲೆ ಲ್ಯಾಬಿಗೆ ಹೋಗಿ ಕೊಬ್ಬು ಎಷ್ಟಕ್ಕೆ ಕರಗಿತೆಂದು ಬರೆಯುತ್ತಿದ್ದೆ.

ನನ್ನ ಸೈಕಲ್ಲು ಹೋಟೆಲಿನ ಒಳಗೆ, ದೊಡ್ಡ ಒಲೆಯ ಪಕ್ಕದ ಓಣಿಯಲ್ಲಿ ಬೆಚ್ಚಗೆ ನಿಲ್ಲುತ್ತಿತ್ತು. ಅವರದು ಚಾಳಿನ ಅಂಗಳದಲ್ಲಿ, ಬಯಲಿನಲ್ಲಿ.

ಜನವರಿಯಲ್ಲಿ ಗಾಳಿಪಟದ ಹಬ್ಬ ಕಳೆದಿತ್ತು. ತಂತಿಗಳಲ್ಲಿ, ಮರಗಳಲ್ಲಿ ಗಾಜುಪುಡಿ ಹಚ್ಚಿದ ದಾರ ತೂಗುತ್ತಿದ್ದ ಕಾಲ. ಕತ್ತು ಕೊಯ್ದೀತೆಂದು ನಾನು ಮಫ್ಲರನ್ನು ಮೂರು ಸುತ್ತು ಸುತ್ತಿಕೊಂಡು ಹೋಗುತ್ತಿದ್ದೆ. ಆ ತಿಂಗಳು ಕೋಕಿಲಾಬೆನ್‌ಗೆ ಆಗಲೇ ಎರಡು ಸಲ ಲೇಟ್ ಬಿದ್ದಿತ್ತು. ಎರಡೂ ಸಲ ಫಾಟಕದಲ್ಲಿ ನನಗಾಗಿ ನಿಂತದ್ದಕ್ಕೇ. ಲ್ಯಾಬಿನವರಿಗೆ ಐದು ನಿಮಿಷದ ರಿಯಾಯಿತಿ ಇತ್ತು, ಪ್ಯಾಕಿಂಗ್ ಹಾಲ್‌ನವರಿಗೆ ಇಲ್ಲ. ಮೂರನೆಯ ಸಲ ಬಿದ್ದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆಂದು ಮೇಸ್ತ್ರಿ ಎಲ್ಲರೆದುರೇ ಹೇಳಿದ್ದ. ಮಾರನೆಯ ದಿನ ಹೊರಡುವಾಗ ಕೋಕಿಲಾಬೆನ್, "ಇನ್ನು ಗಂಟೆ ಬಾರಿಸಿದರೆ ನಾನು ದಾಟಿಬಿಡುತ್ತೇನೆ ಬೆನ್. ನೀನು ಆಮೇಲೆ ಬಾ. ತಪ್ಪು ತಿಳಿಯಬೇಡ" ಎಂದರು.

ಆ ವಾರದಲ್ಲೇ ಇನ್ನೊಂದು ಮಾತು ಹೇಳಿದ್ದರು. "ಬೆಳಗ್ಗೆ ಪೆಡಲ್ ಎರಡು ಸಲ ಖಾಲಿ ತಿರುಗಿತು. ಸಂಜೆಗೆ ಸರಿಯಾಗಿತ್ತು. ಮನುಕಾಕಾನಿಗೆ ತೋರಿಸಬೇಕು."

"ಎಣ್ಣೆ ಸಾಲದೋ ಏನೋ" ಎಂದೆ ನಾನು. ಅಂದು ಸಂಜೆಯೇ ಒಲೆಯ ಪಕ್ಕದ ಬಾಟಲಿ ತಂದು ಅವರ ಫ್ರೀವೀಲಿಗೆ ಇನ್ನಷ್ಟು ಬಿಟ್ಟೆ.

ಮರುದಿನ ಬೆಳಗ್ಗೆ ಆ ಚಳಿಗಾಲದಲ್ಲೇ ಹೆಚ್ಚಿನ ಚಳಿ. ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು. ಹೊರಡುವುದು ತಡವಾಗಿತ್ತು, ಅದೂ ನನ್ನಿಂದಲೇ. ಮಫ್ಲರು ಸಿಕ್ಕಿರಲಿಲ್ಲ. ಇಳಿಜಾರಿನ ತುದಿಗೆ ಬರುವಾಗ ಗಂಟೆ ಕೇಳತೊಡಗಿತು. ಕಂಬ ಇನ್ನೂ ಮೇಲಿತ್ತು. ಕೋಕಿಲಾಬೆನ್ ನನ್ನತ್ತ ಒಮ್ಮೆ ನೋಡಿ, ಪೆಡಲ್ ನಿಲ್ಲಿಸಿ, ಇಳಿಜಾರಿನಲ್ಲಿ ಸೈಕಲ್ಲನ್ನು ಬಿಟ್ಟರು. ನಾನು ಎಂದಿನಂತೆ ಬ್ರೇಕು ಹಿಡಿದೆ.

ಅವರು ಕಂಬದಡಿ ಸರಾಗವಾಗಿ ದಾಟಿದರು. ದಿಬ್ಬದಲ್ಲಿ ಪೆಡಲ್ ತುಳಿದರು. ಪೆಡಲ್ ಗರಗರನೆ ತಿರುಗಿತು, ಚಕ್ರ ತಿರುಗಲಿಲ್ಲ. ಮತ್ತೆ ತುಳಿದರು. ಸೈಕಲ್ಲು ಎರಡನೆಯ ಹಳಿಯ ಮೇಲೆ ನಿಂತು, ಓಲಾಡಿ, ಅವರನ್ನು ಕೆಳಗೆ ಹಾಕಿಕೊಂಡು ಬಿತ್ತು. ಅಷ್ಟರಲ್ಲಿ ಕಂಬ ನಮ್ಮಿಬ್ಬರ ನಡುವೆ ಇಳಿದಿತ್ತು. ಚಳಿಯ ಮಬ್ಬಿನಲ್ಲಿ ರೈಲು ಕೂಗಿತು. ಇಂಜಿನ್ನಿನ ದೀಪ ಕಾಣುತ್ತಿತ್ತು. ಅವರ ಒಂದು ಕಾಲು ಸೈಕಲ್ಲಿನ ಚೌಕಟ್ಟಿನೊಳಗೆ ಸಿಕ್ಕಿಕೊಂಡಿತ್ತು. ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಅವರು ತಲೆ ಎತ್ತಿ ನೋಡಿದ್ದು ನನ್ನನ್ನು. ನಾನು ಹದಿನೈದು ಹೆಜ್ಜೆ ದೂರದಲ್ಲಿದ್ದೆ.

"ರತನಾ, ಆವ್!" ಎಂದು ಕರೆದರು. ಆವ್ ಎಂದರೆ ಬಾ.

ಆಮೇಲೆ ಆದದ್ದನ್ನು ನಾನು ನೋಡಿದ್ದೇನೆ, ಆದರೆ ಸದ್ದು ನೆನಪಿಲ್ಲ. ಫಾಟಕದವನು ಚಕ್ರ ಬಿಟ್ಟು ಓಡಿದ. ಅವರ ಎರಡೂ ತೋಳು ಹಿಡಿದು ಜಗ್ಗಿದ. ಇಬ್ಬರೂ ಆಚೆ ಬದಿಯ ಜಲ್ಲಿಯ ಮೇಲೆ ಬಿದ್ದರು. ರೈಲು ಬಂತು. ಬೋಗಿ, ಬೋಗಿ, ಬೋಗಿ, ಅವುಗಳ ನಡುವಿನ ಸಂದಿನಲ್ಲಿ ಅವರ ಹಸಿರು ಸೀರೆ ಹೌದೋ ಅಲ್ಲವೋ ಎಂಬಂತೆ ಕಾಣುತ್ತಿತ್ತು. ರೈಲು ಹೋದ ಮೇಲೆ ಅವರು ಎದ್ದು ಕೂತಿದ್ದರು, ಎಡಗೈ ವಿಚಿತ್ರವಾಗಿ ಬಾಗಿತ್ತು. ಸೈಕಲ್ಲು ಎರಡು ತುಂಡಾಗಿ ಬಿದ್ದಿತ್ತು.

ಮಣಿಕಟ್ಟಿನ ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿದರು. ಜೀವ ಉಳಿಯಿತಲ್ಲ ಎಂದು ಚಾಳಿನವರೆಲ್ಲ ದೇವರಿಗೆ ಕೈಮುಗಿದರು. ನಾನು ಎಲ್ಲರಿಗೂ ಒಂದೇ ಮಾತು ಹೇಳಿದೆ: ಕಂಬ ಬಿದ್ದುಬಿಟ್ಟಿತ್ತು, ಹೋಗಲಾಗಲಿಲ್ಲ. ಪಾಪ, ನೀನಾದರೂ ಏನು ಮಾಡುತ್ತೀ ಎಂದು ನನ್ನನ್ನೇ ಸಮಾಧಾನ ಮಾಡಿದರು.

ಎರಡು ದಿನದ ಮೇಲೆ, ಭಾನುವಾರ ಬೆಳಗ್ಗೆ ಅಣ್ಣನೂ ನಾನೂ ಸೈಕಲ್ಲಿನ ತುಂಡುಗಳನ್ನು ಮನುಕಾಕಾರ ಅಂಗಡಿಗೆ ತಂದೆವು. ಹಿಂದಿನ ಚಕ್ರ ಹೆಚ್ಚು ಕೆಟ್ಟಿರಲಿಲ್ಲ. ಏನಾದರೂ ಉಳಿಯುತ್ತದೆಯೋ ನೋಡುತ್ತೇನೆಂದು ಕಾಕಾ ಫ್ರೀವೀಲು ಬಿಚ್ಚಿದರು. ಒಳಗೆಲ್ಲ ಬಿಳಿಯ ಮೇಣ ಕಟ್ಟಿಕೊಂಡಿತ್ತು. ಪೆಡಲ್ ತುಳಿದಾಗ ಚಕ್ರವನ್ನು ಹಿಡಿಯಬೇಕಾದ ಕೊಕ್ಕೆಯಂಥ ಎರಡು ಚೂರುಗಳು ಆ ಮೇಣದಲ್ಲಿ ಹೂತು ಮಲಗಿದ್ದವು. ಇಳಿಜಾರಿನಲ್ಲಿ ತುಳಿಯುವುದು ನಿಂತಾಗ ಒಳಕ್ಕೆ ಮಡಚಿಕೊಂಡವು ಮತ್ತೆ ಮೇಲೇಳಲು ಆಗಿರಲಿಲ್ಲ. ಕಾಕಾ ಉಗುರಿನಿಂದ ಕೆರೆದು ಮೂಸಿದರು.

"ಇದು ತಲೆಗೆ ಹಚ್ಚುವ ಎಣ್ಣೆ. ಇದನ್ನು ಇಲ್ಲಿಗೆ ಯಾರು ಹಾಕಿದರು?"

ಅಣ್ಣ ನನ್ನ ಮುಖ ನೋಡಿದ. "ಗೊತ್ತಿಲ್ಲ" ಎಂದೆ ನಾನು.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಅಣ್ಣ ಬಾಗಿಲು ಹಾಕಿ ಕೇಳಿದ. ಎಲ್ಲ ಹೇಳಿ ಅತ್ತೆ. ಅಂದರೆ, ಎಣ್ಣೆಯ ವಿಷಯವೆಲ್ಲ ಹೇಳಿ ಅತ್ತೆ. ಅತ್ತಿಗೆ ಒಲೆಯ ಪಕ್ಕದ ಬಾಟಲಿಯನ್ನು ಎತ್ತಿ ಒಳಗಿಟ್ಟರು, ಅದೇನೋ ಕಳ್ಳಮಾಲೆಂಬಂತೆ. ಅಷ್ಟು ಹೊತ್ತಿಗೆ ಇನ್ನೊಂದು ಸುದ್ದಿಯೂ ಬಂದಿತ್ತು: ಗಂಟೆ ಬಾರಿಸಿದ ಮೇಲೂ ಹಳಿ ದಾಟಿದ ಅಜಾಗರೂಕತೆ ಎಂದು ಬರೆದು ಕೋಕಿಲಾಬೆನ್ ಹೆಸರನ್ನು ಪಟ್ಟಿಯಿಂದ ತೆಗೆಯುತ್ತಾರಂತೆ. ಸೋಮವಾರ ಅವರನ್ನು ಲೇಬರ್ ಆಫೀಸರರ ಹತ್ತಿರ ಕರೆಸಿದ್ದರು.

"ಸೈಕಲ್ ಕೆಟ್ಟು ಬಿದ್ದದ್ದು ಅಂತ ನಾನು ಹೇಳಿದ್ರೆ ಅವ್ರ ಹೆಸ್ರು ಉಳಿತದೆ ಅಣ್ಣ."

"ಯಾಕೆ ಕೆಟ್ಟಿತು ಅಂತ ಕೇಳ್ತಾರೆ. ಆಗ ಎಂತ ಹೇಳ್ತಿ? ಎಣ್ಣೆ ಗಟ್ಟಿಯಾಗ್ತದೆ ಅಂತ ಗೊತ್ತಿಲ್ಲದವಳು ಔಷಧಿ ಲ್ಯಾಬಲ್ಲಿ ಎಂತಕ್ಕೆ ಅಂತ ಕೇಳುದಿಲ್ವಾ? ಮಾರ್ಚಿಗೆ ನಿನ್ನ ಪ್ರೊಬೇಷನ್ ಮುಗಿತದೆ. ಯೋಚನೆ ಮಾಡು. ನಾನು ಬೇಡ ಅನ್ನುದಿಲ್ಲ, ಹೇಳು ಅಂತಲೂ ಅನ್ನುದಿಲ್ಲ."

ಅಣ್ಣನ ಈ ಮಾತು ನನಗೆ ಸಹಾಯವೇನೂ ಮಾಡಲಿಲ್ಲ. ಹೆದರುವವರನ್ನು ಯಾರಾದರೂ ಒಂದು ದಾರಿಗೆ ತಳ್ಳಬೇಕು. ಆ ದಿನವೆಲ್ಲ ಊಟ ಸೇರಲಿಲ್ಲ. ಕೋಕಿಲಾಬೆನ್‌ರ ದೊಡ್ಡ ಮಗಳು ಮನೆಗೆ ಬಂದು, "ಬಾ ಕೈಯಲ್ಲಿ ರೊಟ್ಟಿ ಲಟ್ಟಿಸಲು ಆಗುವುದಿಲ್ಲ, ನನಗೆ ಕಲಿಸಿಕೊಡಿ" ಎಂದು ಅತ್ತಿಗೆಯನ್ನು ಕೇಳಿದಳು. ಅವರಲ್ಲಿ ಅಮ್ಮನನ್ನು ಬಾ ಎನ್ನುತ್ತಾರೆ. ಆ ಹುಡುಗಿ ಹಿಟ್ಟು ಕಲಸುವುದನ್ನು ನಾನು ಪಕ್ಕದಲ್ಲೇ ನಿಂತು ಕೊನೆಯವರೆಗೂ ನೋಡಿದೆ.

ಸೋಮವಾರ ಬೆಳಗ್ಗೆ ಏಳಕ್ಕೆ ಮನುಕಾಕಾರ ಮನೆಗೆ ಹೋಗಿ, "ಆ ಎಣ್ಣೆ ಹಾಕಿದ್ದು ನಾನೇ. ಫ್ರೀವೀಲು ಕೊಡಿ" ಎಂದೆ. ಅವರು, "ಗೊತ್ತು" ಎಂದು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟರು.

ಫಾಟಕದವರೆಗೆ ಸೈಕಲ್ಲು ಬಿಟ್ಟೆ, ಫಾಟಕದಲ್ಲಿ ಇಳಿದು ತಳ್ಳಿಕೊಂಡು ದಾಟಿದೆ. ಆಫೀಸರರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೋಕಿಲಾಬೆನ್ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಕೂತಿದ್ದರು. ನನ್ನನ್ನು ಕಂಡು ತಲೆಯಾಡಿಸಿದರು. ಅವರನ್ನು ಒಳಗೆ ಕರೆದಾಗ ನಾನೂ ಹಿಂದೆಯೇ ನುಗ್ಗಿದೆ. ನುಗ್ಗಿದೆ ಎಂದೇ ಹೇಳಬೇಕು, ಯಾರೂ ಕರೆದಿರಲಿಲ್ಲ.

ನನ್ನ ಹಿಂದಿ ಆ ದಿನ ಎಲ್ಲಿ ಹೋಯಿತೋ. ಇಂಗ್ಲಿಷು, ಹಿಂದಿ, ನಡುನಡುವೆ ಕನ್ನಡ. ಆಫೀಸರು ಏನೂ ಅರ್ಥವಾಗದೆ ನಮ್ಮ ಲ್ಯಾಬಿನ ಮುಖ್ಯಸ್ಥರನ್ನು ಕರೆಸಿದರು. ಅದು ನನ್ನ ಹೆದರಿಕೆಯ ಪರಾಕಾಷ್ಠೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡುತ್ತಿದ್ದಾಗ ನಾನು ಪೇಪರು ಬಿಚ್ಚಿ, ಫ್ರೀವೀಲಿನೊಳಗಿನ ಬಿಳಿಯದನ್ನು ಕಡ್ಡಿಯಿಂದ ಕೆರೆದು ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದೆ. ಒಂದು ನಿಮಿಷ ಹಾಗೇ ಹಿಡಿದಿದ್ದೆ. ಮುಷ್ಟಿ ಬಿಚ್ಚಿದಾಗ ಅಂಗೈ ತುಂಬಾ ಎಣ್ಣೆ.

"ತೆಂಗಿನೆಣ್ಣೆ ಎಷ್ಟಕ್ಕೆ ಕರಗುತ್ತದೆ?" ಮುಖ್ಯಸ್ಥರು ಕೇಳಿದರು.

"ಇಪ್ಪತ್ತನಾಲ್ಕು, ಇಪ್ಪತ್ತೈದು ಡಿಗ್ರಿ, ಸರ್."

"ಇದು ನಿಮಗೆ ಮೊದಲೇ ಗೊತ್ತಿತ್ತೋ?"

"ಗೊತ್ತಿತ್ತು ಸರ್. ಬೆಳಗ್ಗೆ ಗಟ್ಟಿ, ಮಧ್ಯಾಹ್ನ ನೀರು. ಅದಕ್ಕೇ ಸಂಜೆ ಇವರ ಸೈಕಲ್ಲು ಸರಿಯಾಗಿ ಓಡುತ್ತಿತ್ತು."

"ಅಂದರೆ ಕೊಳವೆಯಲ್ಲಿ ಗೊತ್ತಿತ್ತು, ಸೈಕಲ್ಲಿನಲ್ಲಿ ಗೊತ್ತಿರಲಿಲ್ಲ" ಎಂದರು ಅವರು. ನಗಲೂ ಇಲ್ಲ, ಬೈಯಲೂ ಇಲ್ಲ. ಆಫೀಸರರ ಕಡೆ ತಿರುಗಿ, "ಈ ಬೆನ್‌ರ ತಪ್ಪೇನಿಲ್ಲ. ನಡೆಯುವ ಸೈಕಲ್ಲಾಗಿದ್ದರೆ ಕಂಬ ಬೀಳುವ ಮೊದಲೇ ದಾಟಿ ಹೋಗುತ್ತಿದ್ದರು" ಎಂದರು. ಆಫೀಸರು ಏನೋ ಬರೆದುಕೊಂಡರು. ಕೋಕಿಲಾಬೆನ್ ಹೆಸರು ಪಟ್ಟಿಯಲ್ಲಿ ಉಳಿಯಿತು. ಕೈ ಸರಿಯಾಗುವವರೆಗೆ ರಜೆಯೂ ಸಿಕ್ಕಿತು. ನನ್ನ ಪ್ರೊಬೇಷನ್ ಇನ್ನೂ ಮೂರು ತಿಂಗಳು ಮುಂದಕ್ಕೆ ಹೋಯಿತು. ಆಮೇಲೆ ಖಾಯಂ ಆದೆ, ಅದು ಬೇರೆ ಮಾತು.

ಆ ಕೋಣೆಯಿಂದ ಹೊರಗೆ ಬಂದಾಗ ನನಗೆ ಹಗುರವೆಂದರೆ ಎಷ್ಟು ಹಗುರ. ಹುಟ್ಟಿದ ಮೇಲೆ ಮೊದಲ ಬಾರಿಗೆ ಹೆದರಿಕೆಯನ್ನು ಗೆದ್ದೆ ಎಂದುಕೊಂಡೆ. ಕಾರ್ಖಾನೆಯ ಗೇಟಿನವರೆಗೆ ಕೋಕಿಲಾಬೆನ್ ಜೊತೆ ನಡೆದೆ. ಅವರು ಬೈಯಲಿ, ಅಳಲಿ, ಏನಾದರೂ ಅನ್ನಲಿ ಎಂದು ಕಾಯುತ್ತಿದ್ದೆ. ಕೊನೆಗೆ ನಾನೇ, "ನನ್ನ ಸೈಕಲ್ಲು ನೀವು ಇಟ್ಟುಕೊಳ್ಳಿ. ಎಣ್ಣೆಯ ತಪ್ಪು ನನ್ನದು, ಕ್ಷಮಿಸಿ" ಎಂದೆ.

"ಎಣ್ಣೆಯ ಮಾತು ಬಿಡು ಬೆನ್" ಎಂದರು. "ಅದು ಒಳ್ಳೆಯ ಮನಸ್ಸಿನಿಂದ ಹಾಕಿದ್ದು. ಯಾರಿಗಾದರೂ ಆಗುವ ತಪ್ಪು."

ಇನ್ನೂ ಸ್ವಲ್ಪ ದೂರ ನಡೆದರು. ಆಮೇಲೆ ನಿಂತು, ಸರಿಯಿದ್ದ ಬಲಗೈಯನ್ನು ತಮ್ಮ ಎದೆಯ ಮಟ್ಟಕ್ಕೆ ಹಿಡಿದು ತೋರಿಸಿದರು. "ಕಂಬ ಇಷ್ಟು ಎತ್ತರ ಇತ್ತು. ನಾನು ನಿನ್ನ ಹೆಸರು ಹಿಡಿದು ಕರೆದೆ. ನೀನು ಬ್ರೇಕು ಹಿಡಿದು ನಿಂತಿದ್ದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅದಕ್ಕೇನಾದರೂ ಉತ್ತರ ಹುಡುಕುತ್ತಿದ್ದೆ.

"ನನಗೆ ಹೆದರಿಕೆಯಾಯಿತು ಕೋಕಿಲಾಬೆನ್" ಎಂದೆ.

"ನನಗೂ ಹೆದರಿಕೆಯಾಗಿತ್ತು" ಎಂದರು ಅವರು. ಚೀಲವನ್ನು ಹೆಗಲಿಗೆ ಹಾಕಿಕೊಂಡು ಫಾಟಕದ ಕಡೆ ನಡೆದು ಹೋದರು.